ಮನೆ ಹಿಂದಿನ ತೆರೆ, ಟಾಕೀಸಿನ ತೆರೆ

ನಮಸ್ಕಾರ. ಕುಮಟಾದಿಂದ ಮಾತನಾಡುತ್ತಿದ್ದೇನೆ. ನನ್ನ ಮಾತಿನ ಹಿಂದೆ ಒಂದೇ ಸಮನೆ ಕೇಳಿಸುತ್ತಿರುವ ಸದ್ದು ಸಮುದ್ರದ್ದು. ಕಿಟಕಿ ಮುಚ್ಚಿದರೂ ಅದು ಕೇಳಿಸುತ್ತದೆ, ಹಾಗಾಗಿ ತೆರೆದಿಟ್ಟುಕೊಂಡೇ ಕೂತಿದ್ದೇನೆ.

ನಾನು ಸಿನಿಮಾ ಶಾಸ್ತ್ರ ಓದಿದವಳಲ್ಲ. ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ತಿಂಗಳಿಗೆ ಒಂದೋ ಎರಡೋ ಚಿತ್ರ ನೋಡುತ್ತೇನೆ, ಕೆಲವನ್ನು ಟಾಕೀಸಿನಲ್ಲಿ, ಹೆಚ್ಚಿನವನ್ನು ಮನೆಯ ಟಿವಿಯಲ್ಲಿ. ಒಳ್ಳೆಯ ಚಿತ್ರ ನೋಡಿದರೆ ಮೂರು ನಾಲ್ಕು ದಿನ ಅದು ನನ್ನನ್ನು ಬಿಡುವುದಿಲ್ಲ. ಲೆಡ್ಜರ್ ತಿರುವುವಾಗ, ಬಸ್ಸಿಗೆ ಕಾಯುವಾಗ, ಮೀನು ಮಾರುವವರ ಜೊತೆ ದರ ಮಾತನಾಡುವಾಗ ಯಾವುದೋ ಒಂದು ದೃಶ್ಯ ಎದುರಿಗೆ ಬಂದು ನಿಲ್ಲುತ್ತದೆ. ಹಾಗೆ ನನ್ನೊಳಗೆ ಉಳಿದುಕೊಂಡ ಕೆಲವು ಚಿತ್ರಗಳ ಬಗ್ಗೆ ಇವತ್ತು ಹೇಳುತ್ತೇನೆ. ಕಥೆಯ ತಿರುವುಗಳೂ ಮಾತಿನಲ್ಲಿ ಬರುತ್ತವೆ, ನೋಡದವರು ಮೊದಲು ನೋಡಿಕೊಂಡು ಬನ್ನಿ.

ಕಳೆದ ತಿಂಗಳು ಒಂದು ರಾತ್ರಿ ಅತ್ತೆಯ ಜೊತೆ ಕೂತು ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಮೊದಲ ಭಾಗವನ್ನು ಮತ್ತೆ ನೋಡಿದೆ. ಹೇಮಂತ್ ಎಂ. ರಾವ್ ನಿರ್ದೇಶನದ ಈ ಚಿತ್ರ 2023ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದಾಗ ನಾನೊಬ್ಬಳೇ ಹೋಗಿ ನೋಡಿದ್ದೆ. ಮನು ದೊಡ್ಡ ಕುಳವೊಬ್ಬರ ಮನೆಯ ಕಾರು ಚಾಲಕ. ಪ್ರಿಯಾ ಹಾಡುವ ಹುಡುಗಿ. ಇಬ್ಬರೂ ಮದುವೆಗೆ ಮುಂಚೆ ಬಾಡಿಗೆ ಮನೆ ಹುಡುಕುತ್ತಾ ಬೆಂಗಳೂರಿನ ಬೀದಿಗಳಲ್ಲಿ ಓಡಾಡುತ್ತಾರೆ. ಪ್ರಿಯಾಳಿಗೆ ಒಂದು ಆಸೆ, ಸಮುದ್ರದ ಪಕ್ಕದಲ್ಲಿ ಬದುಕಬೇಕು ಎಂದು.

ಅದನ್ನು ಅವಳು ಹೇಳಿದ ಕೂಡಲೇ ಅತ್ತೆ ನನ್ನ ಕಡೆ ತಿರುಗಿದರು. “ಪಾಪ, ಆ ಹುಡುಗಿಗೆ ಯಾರೂ ಹೇಳಲೇ ಇಲ್ಲವೇ?” ಎಂದು ಕೇಳಿದರು.

ಅವರು ಮನಸ್ಸಿನಿಂದಲೇ ಕೇಳಿದ್ದು. ನಲವತ್ತೆಂಟು ವರ್ಷಗಳಿಂದ ಅವರು ಇದೇ ಮನೆಯಲ್ಲಿದ್ದಾರೆ. ಕಿಟಕಿಯ ಸರಳುಗಳನ್ನು ಮೂರು ಸಲ ಬದಲಾಯಿಸಿದ್ದು ಅವರಿಗೆ ನೆನಪಿದೆ, ಉಪ್ಪುಗಾಳಿಗೆ ಕಬ್ಬಿಣ ಹಪ್ಪಳದಂತೆ ಪುಡಿಯಾಗುತ್ತದೆ. ಮೇ ತಿಂಗಳಲ್ಲಿ ಬಾವಿಯ ನೀರು ಸವುಳಾಗುತ್ತದೆ. ಆಷಾಢದಲ್ಲಿ ಒಣಹಾಕಿದ ಬಟ್ಟೆ ಒಣಗುವುದೂ ಇಲ್ಲ, ಹಸಿಯಾಗಿಯೂ ಇರುವುದಿಲ್ಲ, ಅಂಟಂಟಾಗಿ ಉಳಿಯುತ್ತದೆ. ಹಿತ್ತಿಲಿನ ಆಚೆಗಿದ್ದ ಒಂದು ಸಾಲು ತೆಂಗು ಈಗ ಇಲ್ಲ. ಮಾವ ನೆಟ್ಟಿದ್ದ ಮರಗಳವು. ಒಂದೊಂದು ಮಳೆಗಾಲಕ್ಕೆ ಒಂದೊಂದರ ಬುಡ ಸಡಿಲಿಸಿ ಕಡಲು ಅವನ್ನು ತೆಗೆದುಕೊಂಡು ಹೋಯಿತು. ಅಲ್ಲಿ ಈಗ ತಡೆಗೋಡೆಯ ಕಲ್ಲುಗಳಿವೆ. ಸಮುದ್ರದ ಪಕ್ಕ ಮನೆ ಬೇಕು ಎಂದು ಯಾರಾದರೂ ಹಾಡುವ ದನಿಯಲ್ಲಿ ಹೇಳಿದರೆ ಅತ್ತೆಗೆ ಕಾಣುವುದು ಆ ಕಲ್ಲುಗಳು.

ನನಗೆ ಮಾತ್ರ ಪ್ರಿಯಾ ಪೂರ್ತಿ ಅರ್ಥವಾದಳು. ನಾನು ಘಟ್ಟದ ಮೇಲಿನವಳು. ಶಿರಸಿ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆ ನನ್ನ ತವರು. ಚಿಕ್ಕವಳಿದ್ದಾಗ ಸಮುದ್ರವೆಂದರೆ ವರ್ಷಕ್ಕೊಮ್ಮೆ ಗೋಕರ್ಣಕ್ಕೆ ಹೋದಾಗ ಸಿಗುವ ಒಂದು ಮಧ್ಯಾಹ್ನ, ಅಷ್ಟೇ. ಮದುವೆಯಾಗಿ ದೇವಿಮನೆ ಘಟ್ಟ ಇಳಿದು ಬಂದ ಮೊದಲ ವಾರ, ನಡುರಾತ್ರಿ ಎಚ್ಚರವಾಗಿ ಮಳೆ ಸುರಿಯುತ್ತಿದೆಯೆಂದು ಅಂಗಳದ ಬಟ್ಟೆ ತೆಗೆಯಲು ಓಡಿದೆ. ಹೊರಗೆ ಆಕಾಶದ ತುಂಬ ನಕ್ಷತ್ರಗಳಿದ್ದವು. ಸುರಿಯುತ್ತಿದ್ದದ್ದು ಸಮುದ್ರ. ಆ ರಾತ್ರಿ ಎಷ್ಟು ಹೊತ್ತು ಅಂಗಳದಲ್ಲೇ ನಿಂತಿದ್ದೆನೋ ತಿಳಿಯದು. ದೂರದಿಂದ ಬಯಸಿದವರಿಗೆ ಮಾತ್ರ ಕೇಳಿಸುವ ಒಂದು ಸದ್ದು ಅದರಲ್ಲಿದೆ. ಹೇಮಂತ್ ರಾವ್ ಅದನ್ನು ಹಿಡಿದಿದ್ದಾರೆ. ಮಾಲೀಕನ ಮನೆಯವರು ಮಾಡಿದ ಅಪಘಾತದ ತಪ್ಪನ್ನು ಮನು ದುಡ್ಡಿಗಾಗಿ, ಒಂದು ಮನೆಗಾಗಿ ತನ್ನ ಮೇಲೆ ಹಾಕಿಕೊಂಡು ಜೈಲು ಸೇರುತ್ತಾನೆ. ಅಲ್ಲಿಂದ ಮುಂದೆ ಸಮುದ್ರವು ಅವನಿಗೆ ದನಿಯಾಗಿ, ನೆನಪಾಗಿ ಮಾತ್ರ ಸಿಗುತ್ತದೆ. ಪ್ರಿಯಾಳ ದನಿಯಿರುವ ಕ್ಯಾಸೆಟ್ಟನ್ನು ಅವನು ಕೇಳುವಾಗ ಅತ್ತೆ ಕೈಯಲ್ಲಿದ್ದ ಹೂವಿನ ದಂಡೆಯನ್ನು ಕೆಳಗಿಟ್ಟರು. ಅಲ್ಲಿಂದ ಕೊನೆಯವರೆಗೂ ಒಂದು ಮಾತನ್ನೂ ಆಡಲಿಲ್ಲ.

ನಮ್ಮ ಭಾಷೆಯಲ್ಲಿ ‘ತೆರೆ’ ಎಂಬುದು ಅಲೆಯೂ ಹೌದು, ಸಿನಿಮಾ ಬೀಳುವ ಬಿಳಿಯ ಬಟ್ಟೆಯೂ ಹೌದು. ಒಂದೇ ಮನೆಯಲ್ಲಿ ಕೂತು ಎರಡನ್ನೂ ನೋಡುವ ನನಗೆ ಚಿತ್ರದಲ್ಲಿ ಒಂದು ಊರು ಬಂದರೆ ಅದು ಅಲ್ಲಿಯವರ ಬದುಕಿನೊಳಗೆ ಕೈ ಹಾಕಬೇಕು. ಸರಳು ತುಕ್ಕು ಹಿಡಿಸಬೇಕು, ನೀರು ಉಪ್ಪಾಗಿಸಬೇಕು, ಅಥವಾ ಪ್ರಿಯಾಳಿಗೆ ಮಾಡಿದಂತೆ ನಿದ್ದೆಗೆಡಿಸಬೇಕು. ನಾಯಕ ನಾಯಕಿ ಕುಣಿದು ಮುಗಿದ ಮೇಲೆ ಮಡಿಸಿ ಒಳಗಿಡುವ ಪರದೆಯಾದರೆ ಆ ಊರನ್ನು ತೋರಿಸುವುದೇ ಬೇಡ. ಇತ್ತೀಚಿನ ಚಿತ್ರಗಳನ್ನೆಲ್ಲ ನಾನು ಇದೇ ತಕ್ಕಡಿಯಲ್ಲಿ ತೂಗುತ್ತಿದ್ದೇನೆ.

‘ಸು ಫ್ರಮ್ ಸೋ’ ಈ ತೂಕದಲ್ಲಿ ಗೆದ್ದ ಚಿತ್ರ. ಜೆ.ಪಿ. ತುಮಿನಾಡು ಬರೆದು, ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ಮಾಡಿದ್ದಾರೆ. ಬಿಡುಗಡೆಯಾದದ್ದು 2025ರ ಜುಲೈ 25ರಂದು. ಈ ದಿನಾಂಕ ಕರಾವಳಿಯವರಿಗೆ ಬೇರೆಯೇ ಅರ್ಥ ಕೊಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ನೀರಿಗಿಳಿಯುವಂತಿಲ್ಲ, ಮೀನು ಮೊಟ್ಟೆಯಿಡುವ ಕಾಲ. ನಮ್ಮ ತದಡಿ ಬಂದರಿನಲ್ಲಿ ಬೋಟುಗಳು ದಡಕ್ಕೆ ಕಟ್ಟಿಕೊಂಡು ನಿಂತಿರುತ್ತವೆ. ಬಲೆ ರಿಪೇರಿಯೂ ಮುಗಿದು ಬೋಟಿನ ಹುಡುಗರು ಆಗಸ್ಟ್ ಒಂದಕ್ಕೆ ಕಾಯುತ್ತಿರುತ್ತಾರೆ. ನಾವು ಹೋದ ಆಟಕ್ಕೆ ಅಂಥ ಹುಡುಗರೇ ಬಹಳ ಮಂದಿ ಇದ್ದರು. ಎರಡು ತಿಂಗಳು ಸಂಪಾದನೆಯಿಲ್ಲದೆ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕ ನಗುವನ್ನು ನಾನು ಯಾವ ಚಿತ್ರಕ್ಕೂ ಕೇಳಿರಲಿಲ್ಲ.

ಅಶೋಕ ಒಂದು ತಪ್ಪಿನಲ್ಲಿ ಸಿಕ್ಕಿಬಿದ್ದು, ಅದರಿಂದ ಪಾರಾಗಲು ಮೈಮೇಲೆ ದೆವ್ವ ಬಂದವನಂತೆ ನಟಿಸುತ್ತಾನೆ. ಸೋಮೇಶ್ವರದ ಸುಲೋಚನ ಎಂಬ ಸತ್ತ ಹೆಂಗಸು ಅವನೊಳಗೆ ಹೊಕ್ಕಿದ್ದಾಳೆ ಎಂದು ಊರು ನಂಬುತ್ತದೆ. ನನಗೆ ಹಿಡಿಸಿದ್ದು ದೆವ್ವಕ್ಕಿಂತ ಊರು. ಶನೀಲ್ ಗೌತಮ್ ಮಾಡಿದ ರವಿಯಣ್ಣನನ್ನೇ ನೋಡಿ. ಮದುವೆಯಾಗದ, ಊರಿನ ಎಲ್ಲ ಕೆಲಸಕ್ಕೂ ಮುಂದೆ ನಿಲ್ಲುವ, ಯಾರೂ ಎದುರಾಡದ ಆ ಗಂಡಸು ನಮ್ಮ ಕೇರಿಯಲ್ಲೂ ಒಬ್ಬರಿದ್ದಾರೆ. ಅವರಿಲ್ಲದೆ ಇಲ್ಲಿ ಮದುವೆಯ ಚಪ್ಪರವೂ ಏಳುವುದಿಲ್ಲ, ಹೆಣವೂ ಎತ್ತುವುದಿಲ್ಲ. ಸುದ್ದಿಯೊಂದು ಒಂದು ಮನೆಯ ಜಗುಲಿಯಿಂದ ಇನ್ನೊಂದು ಮನೆಯ ಜಗುಲಿಗೆ ಹೋಗುವಷ್ಟರಲ್ಲಿ ಹೇಗೆ ಬೆಳೆಯುತ್ತದೆ ಎಂಬುದನ್ನು ಈ ಚಿತ್ರ ತೋರಿಸಿದಷ್ಟು ಚೆನ್ನಾಗಿ ತೋರಿಸಿದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ. ಕೊನೆಗೆ ಕಥೆ ಸುಲೋಚನಳ ಮಗಳು ಭಾನುವಿನ ಕಡೆ ತಿರುಗುತ್ತದೆ. ಸಂಧ್ಯಾ ಅರಕೆರೆ ಆ ಪಾತ್ರವನ್ನು ದನಿಯೆತ್ತದೆ, ಕಣ್ಣಿನಲ್ಲೇ ಮಾಡಿದ್ದಾರೆ. ಅಲ್ಲಿಯವರೆಗೆ ನಗುತ್ತಿದ್ದ ಟಾಕೀಸು ಆಗ ಸುಮ್ಮನಾಯಿತು.

ಒಂದು ವಿಷಯ ಮಾತ್ರ ನನ್ನನ್ನು ಇನ್ನೂ ಕೊರೆಯುತ್ತಿದೆ. ಅಶೋಕನ ತಪ್ಪು ಎಂದೆನಲ್ಲ, ಅದು ಹುಡುಗಿಯೊಬ್ಬಳು ಸ್ನಾನ ಮಾಡುವಾಗ ಇಣುಕಲು ಹೋದದ್ದು. ಸತ್ತ ಹೆಂಗಸಿನ ನೋವಿಗೆ, ಅವಳ ಮಗಳ ಬದುಕಿಗೆ ಇಷ್ಟು ಮರುಗುವ ಚಿತ್ರ ಆ ಹುಡುಗಿಯ ಎದೆ ಅಂದು ಎಷ್ಟು ಹೊಡೆದುಕೊಂಡಿತು ಎಂದು ಕೇಳುವುದೇ ಇಲ್ಲ. ಹಳ್ಳಿಯ ಬಚ್ಚಲುಮನೆ ಎಂದರೆ ಏನು ಎಂದು ಹೆಣ್ಣುಮಕ್ಕಳಿಗೆ ಗೊತ್ತು. ಮನೆಯಿಂದ ದೂರ, ಅರ್ಧ ಗೋಡೆ, ಸೋಗೆಯದೋ ತಗಡಿನದೋ ಮರೆ. ಆ ಭಯವನ್ನು ನಗುವಿನ ಮೊದಲ ಮೆಟ್ಟಿಲಾಗಿ ಬಳಸಬಾರದಿತ್ತು. ಚಿತ್ರವನ್ನು ಇಷ್ಟಪಟ್ಟಿದ್ದೇನೆ, ಆದ್ದರಿಂದಲೇ ಇದನ್ನು ಹೇಳಬೇಕೆನಿಸಿತು.

ಇನ್ನು ‘ಕಾಂತಾರ: ಅಧ್ಯಾಯ 1’. 2025ರ ಅಕ್ಟೋಬರ್ 2, ಅವತ್ತೇ ವಿಜಯದಶಮಿ. ನವರಾತ್ರಿಗೆಂದು ತವರಿಗೆ ಹೋಗಿದ್ದೆ, ಅಣ್ಣ ಎಲ್ಲರನ್ನೂ ಶಿರಸಿಯ ಟಾಕೀಸಿಗೆ ಕರೆದುಕೊಂಡು ಹೋದ. ಕಥೆ ನಡೆಯುವುದು ಕದಂಬರ ಕಾಲದಲ್ಲಿ. ಕದಂಬರ ಬನವಾಸಿ ಇರುವುದು ನಮ್ಮ ಶಿರಸಿ ತಾಲ್ಲೂಕಿನಲ್ಲೇ, ವರದಾ ನದಿಯ ದಂಡೆಯಲ್ಲಿ. ಶಾಲೆಯಿಂದ ಮಧುಕೇಶ್ವರ ದೇವಸ್ಥಾನಕ್ಕೆ ಪ್ರವಾಸ ಹೋಗದ ಮಕ್ಕಳೇ ಇಲ್ಲ. ಘಟ್ಟದ ಕೆಳಗೆ ಕಾರವಾರದ ನೌಕಾನೆಲೆಗೂ ಕದಂಬದ್ದೇ ಹೆಸರು. ಹಾಗಾಗಿ ಆ ಹೆಸರು ಕೇಳಿದಾಗ ಶಿರಸಿಯವರ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ರಿಷಬ್ ಶೆಟ್ಟಿಯವರ ದುಡಿಮೆಯನ್ನು ನಾನು ಸಣ್ಣದು ಮಾಡುವುದಿಲ್ಲ. ನಿರ್ದೇಶನವೂ ಅವರದೇ, ಬೆರ್ಮೆಯ ಪಾತ್ರವೂ ಅವರದೇ. ದೈವ ಮೈದುಂಬುವ ಕಡೆಯಲ್ಲೆಲ್ಲ ಮೈ ನವಿರೇಳಿತು. ಅರವಿಂದ್ ಎಸ್. ಕಶ್ಯಪ್ ಅವರ ಕ್ಯಾಮೆರಾದಲ್ಲಿ ಕಾಡಿನ ಕತ್ತಲೆ ನಿಜವಾದ ಕತ್ತಲೆಯಾಗಿಯೇ ಕಾಣುತ್ತದೆ, ಅಲ್ಲಿ ಬೆಂಕಿಗೆ ಬೆಲೆ ಬರುತ್ತದೆ. ಆದರೆ ಹೊಡೆದಾಟ ವಿಪರೀತವಾಯಿತು. 2022ರ ಮೊದಲ ‘ಕಾಂತಾರ’ದಲ್ಲಿ ಕೊನೆಯ ಇಪ್ಪತ್ತು ನಿಮಿಷಕ್ಕಾಗಿ ಇಡೀ ಚಿತ್ರ ಉಸಿರು ಕೂಡಿಟ್ಟುಕೊಂಡಿತ್ತು. ಇಲ್ಲಿ ಉಸಿರೆಳೆದುಕೊಳ್ಳಲು ಬಿಡುವೇ ಇಲ್ಲ, ಒಂದು ಯುದ್ಧ ಮುಗಿಯಿತೆನ್ನುವಾಗ ಇನ್ನೊಂದು. ನನ್ನ ಅಮ್ಮ ಕಿವಿಗೆ ಸೆರಗು ಒತ್ತಿಕೊಂಡು ಕೂತಿದ್ದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಕಾಡಿನವರು ತಾವು ಬೆಳೆದ ಸಂಬಾರ ಪದಾರ್ಥವನ್ನು ಕಟ್ಟಿಕೊಂಡು ಬಂದರಿಗೆ ಇಳಿದು ತಾವೇ ವ್ಯಾಪಾರಕ್ಕೆ ನಿಲ್ಲುವ ಭಾಗವಿದೆಯಲ್ಲ, ಅಲ್ಲಿ ನಾನು ಕುರ್ಚಿಯ ಅಂಚಿಗೆ ಬಂದೆ. ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಗಳಿವೆ. ಅಡಿಕೆಗೆ ದರ ಬಿದ್ದ ವರ್ಷ ಮನೆ ನಡೆಸಿದ್ದು ಆ ಬಳ್ಳಿಗಳೇ. ಶಿರಸಿಯಲ್ಲಿ ಹುಟ್ಟುವ ಅಘನಾಶಿನಿ ಕಾಡು ಕಣಿವೆಗಳಲ್ಲಿ ಎಲ್ಲೂ ಅಣೆಕಟ್ಟು ಕಾಣದೆ ಇಳಿದು ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುತ್ತದೆ. ನಾನು ಮದುವೆಯಾಗಿ ಬಂದ ದಾರಿಯೂ ಹೆಚ್ಚುಕಡಿಮೆ ಅದೇ, ನೂರಾರು ವರ್ಷ ಮೆಣಸು ಘಟ್ಟ ಇಳಿದದ್ದೂ ಈ ಕಡೆಗೇ. ನದಿ ಸಮುದ್ರಕ್ಕೆ ಹತ್ತಿರವಾಗುವಲ್ಲಿ ಮಿರ್ಜಾನ್ ಕೋಟೆ ಇದೆ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. ಅವರು ಹಡಗು ಕಟ್ಟಿಕೊಂಡು ಬಂದದ್ದೇ ನಮ್ಮ ಅಜ್ಜಿಯಂದಿರು ಚಾಪೆಯ ಮೇಲೆ ಒಣಗಿಸಿದ ಆ ಕಪ್ಪು ಕಾಳಿಗೆ.

ಟಾಕೀಸಿನಿಂದ ಹೊರಗೆ ಬಂದಾಗ ಅಣ್ಣ ಹೇಳಿದ ಮೊದಲ ಮಾತು ಯುದ್ಧದ ಬಗ್ಗೆ ಇರಲಿಲ್ಲ. “ಮೆಣಸು ತೂಗುವುದನ್ನು ಇನ್ನೊಂದು ಸ್ವಲ್ಪ ತೋರಿಸಬೇಕಿತ್ತು” ಎಂದ. ಬೆಳೆದವನಿಗೆ ಮಾತ್ರ ಹೊಳೆಯುವ ಮಾತು ಅದು. ತಕ್ಕಡಿಯ ಮುಳ್ಳು ಯಾವ ಕಡೆ ವಾಲುತ್ತದೆ ಎಂದು ನೋಡುತ್ತಾ ವರ್ಷವಿಡೀ ದುಡಿದವನು ಎದುರಿಗೆ ನಿಂತಿರುವ ಆ ಒಂದು ಗಳಿಗೆಯಲ್ಲಿ ಎಷ್ಟು ಯುದ್ಧವಿದೆ! ಅಷ್ಟು ದೊಡ್ಡ ಬಂದರನ್ನು ಕಟ್ಟಿ ನಿಲ್ಲಿಸಿದವರು ಅಲ್ಲಿ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು ಎಂದು ನನಗೂ ಅನ್ನಿಸಿತು.

‘ಮಿಥ್ಯ’ ಇವೆರಡರ ಗದ್ದಲದ ನಡುವೆ ಕಳೆದುಹೋಗಬಾರದು. ಸುಮಂತ್ ಭಟ್ ನಿರ್ದೇಶನ, 2025ರ ಮಾರ್ಚ್‌ನಲ್ಲಿ ಬಂತು. ತಂದೆ ತಾಯಿಯನ್ನು ಕಳೆದುಕೊಂಡ ಹನ್ನೊಂದು ವರ್ಷದ ಮಿಥುನ್ ಮುಂಬಯಿಯಿಂದ ಉಡುಪಿಗೆ, ಚಿಕ್ಕಮ್ಮನ ಮನೆಗೆ ಬರುತ್ತಾನೆ. ಕಥೆಯೇನೂ ದೊಡ್ಡದಿಲ್ಲ. ಆತೀಶ್ ಶೆಟ್ಟಿ ಎಂಬ ಹುಡುಗ ಒಮ್ಮೆಯೂ ನಮ್ಮ ಕನಿಕರ ಬೇಡದೆ ಆ ಪಾತ್ರದಲ್ಲಿ ಬದುಕಿದ್ದಾನೆ. ನಮ್ಮ ಕಡೆಯೂ ಮುಂಬಯಿಗೆ ದುಡಿಯಲು ಹೋದ ಮನೆಗಳು ಎಷ್ಟೋ ಇವೆ. ರಜೆಗೆ ಬರುತ್ತಿದ್ದ ಆ ಮಕ್ಕಳು ಬಾಗಿಲ ಬಳಿ ಚಪ್ಪಲಿ ಬಿಡುವಾಗ, ಬಾಳೆ ಎಲೆಯ ಮುಂದೆ ಕೂರುವಾಗ ನಮ್ಮನ್ನು ನೋಡಿ ನೋಡಿ ಕಲಿಯುತ್ತಿದ್ದದ್ದು ನೆನಪಾಯಿತು. ಮಳೆಗಾಲದ ಕರಾವಳಿ ಈ ಚಿತ್ರದಲ್ಲಿ ಹುಡುಗನಿಗೆ ಸಮಾಧಾನ ಹೇಳಲು ಹೋಗುವುದಿಲ್ಲ, ಅವನ ಜೊತೆ ಸುಮ್ಮನೆ ಇರುತ್ತದೆ. ಇದನ್ನು ರಾತ್ರಿ ದೀಪ ಆರಿಸಿ, ಮೊಬೈಲ್ ಪಕ್ಕಕ್ಕಿಟ್ಟು ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಈಗ ಬಹಳ ದಿನಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿರುವ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಕರಾವಳಿ, ಕರಾವಳಿ ಎಂದೆ. ಆದರೆ ಸಿನಿಮಾದ ಕರಾವಳಿ ಮಂಗಳೂರಿನಿಂದ ಹೊರಟು ಉಡುಪಿ, ಕುಂದಾಪುರ ದಾಟಿ ಬೈಂದೂರಿನ ಹತ್ತಿರ ನಿಂತುಬಿಡುತ್ತದೆ. ಅವರು ತಮ್ಮ ಊರಿನ ಕಥೆಯನ್ನು ತಮ್ಮ ಮಾತಿನಲ್ಲೇ ಹೇಳಿ ಗೆದ್ದಿದ್ದಾರೆ. ಅದನ್ನು ನೋಡಿ ನನಗೆ ಸಂತೋಷವಾಗುತ್ತದೆ, ಹೊಟ್ಟೆಕಿಚ್ಚು ಇಲ್ಲ. ರಾಜ್ಯದ ಸುಮಾರು 320 ಕಿಲೋಮೀಟರ್ ಕಡಲತೀರದಲ್ಲಿ ಹೆಚ್ಚುಕಡಿಮೆ ಅರ್ಧ ನಮ್ಮ ಉತ್ತರ ಕನ್ನಡ ಜಿಲ್ಲೆಯದು. ಇಲ್ಲಿಯವರು ತೆರೆಯ ಮೇಲೆ ಬಾಯಿ ತೆರೆದದ್ದನ್ನು ನಾನು ನೋಡಿದ ಚಿತ್ರಗಳಲ್ಲಿ ಹುಡುಕಿದರೆ ಸಿಗುವುದು ಬಹಳ ಕಡಿಮೆ.

ನಮ್ಮ ಬೆಟ್ಟ ಗುಡ್ಡಗಳನ್ನು ಬೇಕಾದಷ್ಟು ತೋರಿಸಿದ್ದಾರೆ. ನಾನು ಚಿಕ್ಕವಳಿದ್ದಾಗ ‘ನಮ್ಮೂರ ಮಂದಾರ ಹೂವೇ’ ಬಂತು. ಅದರಲ್ಲಿ ಯಾಣದ ಕಪ್ಪು ಶಿಖರಗಳನ್ನು ಕಂಡು ನಾಡಿನ ಮೂಲೆಮೂಲೆಯಿಂದ ಜನ ಬಂದರು. ಅಲ್ಲಿಯವರೆಗೆ ಯಾಣವೆಂದರೆ ಭೈರವೇಶ್ವರನಿಗೆ ಹರಕೆ ಹೊತ್ತವರು ಕಾಡಿನಲ್ಲಿ ನಡೆದುಕೊಂಡು ಹೋಗುವ ಜಾಗ. ಆ ಚಿತ್ರದ ಮೇಲೆ ನನಗೆ ಇವತ್ತಿಗೂ ಪ್ರೀತಿಯಿದೆ. ಚಿತ್ರರಂಗಕ್ಕೆ ನಮ್ಮ ಜಿಲ್ಲೆ ಕೊಟ್ಟದ್ದೂ ಕಡಿಮೆಯಲ್ಲ. ಶಂಕರ್ ನಾಗ್ ಹೊನ್ನಾವರದವರು. ಗಿರೀಶ ಕಾರ್ನಾಡರು ಬಾಲ್ಯ ಕಳೆದು, ಯಕ್ಷಗಾನ ನೋಡಿ ಬೆಳೆದದ್ದು ಶಿರಸಿಯಲ್ಲಿ. ‘ಮುಂಗಾರು ಮಳೆ’ಯ ನಂತರ ಒಂದು ಇಡೀ ತಲೆಮಾರು ಪ್ರೀತಿಸಲು ಕಲಿತದ್ದೇ ಗೋಕರ್ಣದ ಜಯಂತ ಕಾಯ್ಕಿಣಿಯವರ ಸಾಲುಗಳನ್ನು ಗುನುಗುತ್ತಾ. ಇಷ್ಟಿದ್ದೂ ನಮ್ಮ ಸಂತೆಯ ಮಾತು, ಅಡುಗೆಮನೆಯ ಮಾತು, ಜಗಳದ ಮಾತು ಟಾಕೀಸಿನಲ್ಲಿ ಕೇಳಿಸುವುದಿಲ್ಲ.

ಕಾರವಾರದಿಂದ ಭಟ್ಕಳಕ್ಕೆ ಹೋಗುವ ಒಂದು ಬಸ್ಸು ಹತ್ತಿ ಕೂತರೆ ಸಾಕು. ಕಾರವಾರದಲ್ಲಿ ಕೊಂಕಣಿ, ಅಂಕೋಲಾದಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರ ಕನ್ನಡ, ಕುಮಟಾ ಹೊನ್ನಾವರದಲ್ಲಿ ಹವ್ಯಕ ಕನ್ನಡ, ಭಟ್ಕಳ ಬರುವಷ್ಟರಲ್ಲಿ ಅಲ್ಲಿಯ ಮುಸ್ಲಿಮರ ಮಾತಾದ ನವಾಯತಿ. ಕಂಡಕ್ಟರ್ ಎಲ್ಲದರಲ್ಲೂ ಚಿಲ್ಲರೆ ಕೇಳುತ್ತಾನೆ. ಅಂಕೋಲಾದ ಸುಕ್ರಿ ಬೊಮ್ಮಗೌಡರು ನೂರಾರು ಹಾಲಕ್ಕಿ ಹಾಡುಗಳನ್ನು ನೆನಪಿನಲ್ಲೇ ಹೊತ್ತುಕೊಂಡು ತಿರುಗಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ ಹಾಗೆ ಮಾತನಾಡುವ ಒಬ್ಬ ಅಜ್ಜಿ ಕಥೆಯ ನಡುಮನೆಯಲ್ಲಿ ಕೂತಿರುವ ಚಿತ್ರವೊಂದನ್ನು ನಾನು ನೋಡಬೇಕು. ನಾಯಕನಿಗೆ ಆರತಿ ಎತ್ತಿ ಮರೆಯಾಗುವ ಅಜ್ಜಿ ಬೇಡ. ಮನೆಯ ಜಮೀನು ಯಾರಿಗೆ, ಮಗಳ ಮದುವೆ ಎಲ್ಲಿಗೆ ಎಂದು ತೀರ್ಮಾನಿಸುವ ಅಜ್ಜಿ ಬೇಕು.

ಕಥೆ ಎಲ್ಲಿದೆ ಎಂದು ಕೇಳುವವರಿಗೆ ನನ್ನ ತವರಿನ ಒಂದು ಮಳೆಗಾಲ ಸಾಕು. ಆಷಾಢದ ಮಳೆ ಎಡೆಬಿಡದೆ ಹೊಯ್ದರೆ ಅಡಿಕೆಗೆ ಕೊಳೆ ರೋಗ ಬರುತ್ತದೆ, ಎಳೆಯ ಕಾಯಿಗಳು ಕೊಳೆತು ಉದುರುತ್ತವೆ. ಅದಕ್ಕೆ ಮುಂಚೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮರದ ತುದಿಯ ಕೊನೆಗೆ, ಅಂದರೆ ಅಡಿಕೆ ಗೊನೆಗೆ, ಹೊಡೆಯಬೇಕು. ಹೊಡೆಯುವವನು ಕೊನೆಗೌಡ. ಜಾರುವ ಮರವನ್ನು ಹತ್ತಿ, ತುದಿಯಲ್ಲಿ ತೂಗಾಡುತ್ತಾ, ಕೆಳಗಿಳಿಯದೆ ಒಂದು ಮರದಿಂದ ಇನ್ನೊಂದಕ್ಕೆ ದಾಟಿಕೊಳ್ಳುತ್ತಾನೆ. ಕೆಳಗೆ ತೋಟದ ಯಜಮಾನ ತಲೆಯೆತ್ತಿ ಮೋಡ ನೋಡುತ್ತಾ ನಿಂತಿರುತ್ತಾನೆ. ಮಳೆ ಬಿಟ್ಟು ಒಂದು ಗಂಟೆಯ ಹೊಳವು ಸಿಕ್ಕರೆ ವರ್ಷದ ಅನ್ನ ಉಳಿಯಿತು. ಕೊನೆಗೌಡರು ಈಗ ಬೆರಳೆಣಿಕೆಯಷ್ಟೇ ಇದ್ದಾರೆ. ಅವರ ಮಕ್ಕಳು ಪೇಟೆಯಲ್ಲಿ ಬೇರೆ ಕೆಲಸ ಹಿಡಿದಿದ್ದಾರೆ. ನಮ್ಮ ತೋಟಕ್ಕೆ ಬರುವವರಿಗೆ ಅರವತ್ತು ದಾಟಿದೆ. ಅವರು ಮರದ ಮೇಲಿರುವಷ್ಟು ಹೊತ್ತೂ ಅಮ್ಮ ಅಡುಗೆಮನೆಯಿಂದ ಹೊರಗೆ ಬರುವುದಿಲ್ಲ, ನೋಡಲು ಭಯ. ಇಳಿದು ಬಂದ ಮೇಲೆ ಬಿಸಿ ಚಹಾ ಹಿಡಿದುಕೊಂಡು ಜಗುಲಿಗೆ ಬರುತ್ತಾರೆ. ಆ ಚಹಾದ ಲೋಟಕ್ಕೆ ಹಿನ್ನೆಲೆ ಸಂಗೀತವೂ ಬೇಡ.

ಕ್ಯಾಮೆರಾ ಹಿಡಿಯಲು ನನಗೆ ಬರುವುದಿಲ್ಲ. ಕಲಿಯುತ್ತಿರುವ ಹುಡುಗ ಹುಡುಗಿಯರು ಈ ಜಿಲ್ಲೆಯಲ್ಲಿ ಇದ್ದೇ ಇರುತ್ತಾರೆ, ಕೆಲವರಾದರೂ ಇದನ್ನು ಕೇಳುತ್ತಿರಬಹುದು. ನೀವು ಈ ಮಳೆಗಾಲದಲ್ಲಿ ನಮ್ಮ ತೋಟಕ್ಕೆ ಬರುವುದಾದರೆ ಅಣ್ಣನಿಗೆ ಹೇಳಿಡುತ್ತೇನೆ. ಊಟ, ಇರಲು ಜಾಗ ಎರಡೂ ಇದೆ. ಉಂಬಳದ, ಅಂದರೆ ಜಿಗಣೆಯ, ಕಾಟವಿರುತ್ತದೆ, ಕಾಲಿಗೆ ಹಚ್ಚಿಕೊಳ್ಳಲು ಸುಣ್ಣ ಕೊಡುತ್ತೇವೆ.

ಸಮುದ್ರದ ಸದ್ದು ಈಗ ಜೋರಾಗಿದೆ, ಭರತದ ಹೊತ್ತು, ನೀರು ಏರುತ್ತಿದೆ. ಅತ್ತೆ ಎರಡು ಸಲ ಬಾಗಿಲ ಹತ್ತಿರ ಬಂದು ಇಣುಕಿ ಹೋದರು. ಆ ರಾತ್ರಿಯಿಂದ ಅವರದು ಒಂದೇ ಪ್ರಶ್ನೆ, ಆ ಹುಡುಗಿಗೆ ಮನೆ ಸಿಕ್ಕಿತೇ ಎಂದು. ಎರಡನೆಯ ಭಾಗದಲ್ಲಿ ಏನಾಗುತ್ತದೆ ಎಂದು ನಾನಿನ್ನೂ ಹೇಳಿಲ್ಲ. ಭಾನುವಾರ ಮಧ್ಯಾಹ್ನ, ಊಟದ ಪಾತ್ರೆಗಳನ್ನು ತೊಳೆದಿಟ್ಟ ಮೇಲೆ, ಇಬ್ಬರೂ ಕೂತು ನೋಡುತ್ತೇವೆ.